ಕೂಸು ಹಾಲು ಕಕ್ಕಿದರೆ ಗಾಬರಿಯೂ ಬೇಡ, ಅಸಡ್ಡೆಯೂ ಬೇಡ

(ಹೆರಿಗೆ ವಾರ್ಡಿನ ತಾಯಂದಿರು ಮತ್ತು ಅವರ ಮನೆಯವರಿಗಾಗಿ ಆಸ್ಪತ್ರೆಯ ನರ್ಸಿಂಗ್ ಶಿಕ್ಷಕಿಯವರು ನೀಡಿದ ಉಪನ್ಯಾಸದ ಬರಹ ರೂಪ)



ಗಂಡಸರು ಹೊರಗೆ ನಿಲ್ಲುವುದು ಬೇಡ, ಒಳಗೆ ಬಂದು ಕುಳಿತುಕೊಳ್ಳಿ. ಇಂದಿನ ವಿಷಯ ಬಾಣಂತಿಗೆ ಎಷ್ಟು ಬೇಕೋ ಮನೆಯವರಿಗೂ ಅಷ್ಟೇ ಬೇಕು. ದಾಸೋಹದ ಊಟಕ್ಕೆ ಹೋಗುವವರಿಗೆ ತಡವಾಗದಂತೆ ಮುಗಿಸುತ್ತೇನೆ.

ಹೆರಿಗೆ ವಾರ್ಡಿನಲ್ಲಿ ನಮ್ಮ ಕಿವಿಗೆ ದಿನವೂ ಬೀಳುವ ಒಂದು ಮಾತಿದೆ. "ಸಿಸ್ಟರ್, ಕೂಸು ಕುಡಿದದ್ದೆಲ್ಲ ಕಕ್ಕತೈತ್ರಿ, ಹೊಟ್ಟ್ಯಾಗ ಏನೂ ನಿಲ್ಲವಲ್ದು." ಹೇಳುವವರು ಹೆಚ್ಚಾಗಿ ಅಜ್ಜಿ ಇಲ್ಲವೇ ಅತ್ತೆ. ಪಕ್ಕದಲ್ಲಿ ಬಾಣಂತಿ ತಲೆ ತಗ್ಗಿಸಿ ಕುಳಿತಿರುತ್ತಾಳೆ, ತನ್ನ ಹಾಲಿನಲ್ಲೇ ಏನೋ ದೋಷವಿದೆ ಎಂಬಂತೆ.

ಈ ವಿಷಯದಲ್ಲಿ ಮನೆಗಳಲ್ಲಿ ಎರಡು ತಪ್ಪುಗಳು ನಡೆಯುತ್ತವೆ. ಮೊದಲನೆಯದು ಗಾಬರಿಯ ತಪ್ಪು. ಕೂಸು ಕಕ್ಕಿತೆಂದು ಎದೆಹಾಲು ನಿಲ್ಲಿಸಿ ಬಾಟಲಿ ಹಿಡಿಸುವುದು. ಎರಡನೆಯದು ಅಸಡ್ಡೆಯ ತಪ್ಪು. ಎಲ್ಲ ಕೂಸುಗಳೂ ಕಕ್ಕುತ್ತವೆ ಎಂದುಕೊಂಡು ಹಸಿರು ವಾಂತಿಯಾದರೂ ಬೆಳಗಿನವರೆಗೆ ಕಾಯುವುದು. ಮೊದಲ ತಪ್ಪಿನಿಂದ ಆರೋಗ್ಯವಾಗಿದ್ದ ಕೂಸು ರೋಗಕ್ಕೆ ಬೀಳುತ್ತದೆ. ಎರಡನೆಯ ತಪ್ಪಿನಿಂದ ಜೀವಕ್ಕೇ ಅಪಾಯ. ಎರಡೂ ಆಗದಂತೆ ನೋಡಿಕೊಳ್ಳುವುದು ಕಷ್ಟವೇನಲ್ಲ.

ಕೂಸು ಏಕೆ ಕಕ್ಕುತ್ತದೆ?

ನಮ್ಮ ಅನ್ನನಾಳವು ಜಠರಕ್ಕೆ ಸೇರುವ ಜಾಗದಲ್ಲಿ ಉಂಗುರದಂಥ ಒಂದು ಸ್ನಾಯು ಇದೆ. ಊಟ ಒಳಗೆ ಹೋಗುವಾಗ ಅದು ತೆರೆಯುತ್ತದೆ, ಹೋದ ಮೇಲೆ ಮುಚ್ಚುತ್ತದೆ. ದೊಡ್ಡವರಲ್ಲಿ ಇದು ಗಟ್ಟಿಯಾಗಿರುತ್ತದೆ. ಹಸುಗೂಸಿನಲ್ಲಿ ಇನ್ನೂ ಬಲಿತಿರುವುದಿಲ್ಲ, ಆಗಾಗ ತಾನಾಗಿಯೇ ಸಡಿಲವಾಗುತ್ತದೆ. ಅದರ ಮೇಲೆ ಕೂಸಿನ ಆಹಾರವೆಲ್ಲ ದ್ರವ, ಕೂಸು ಇರುವುದೂ ಸದಾ ಮಲಗಿಕೊಂಡೇ. ಮುಚ್ಚಳ ಸಡಿಲವಾದ ತುಂಬಿದ ತಂಬಿಗೆಯನ್ನು ಅಡ್ಡ ಮಲಗಿಸಿದರೆ ಏನಾಗುತ್ತದೆ? ಸ್ವಲ್ಪ ಚೆಲ್ಲುತ್ತದೆ. ಕೂಸು ಕಕ್ಕುವುದೂ ಹಾಗೆಯೇ.

ಮೊದಲ 3 ತಿಂಗಳಲ್ಲಿ ಸುಮಾರು ಅರ್ಧದಷ್ಟು ಕೂಸುಗಳು ದಿನಕ್ಕೆ ಒಂದು ಸಲವಾದರೂ ಹಾಲು ಕಕ್ಕುತ್ತವೆ. 4ನೇ ತಿಂಗಳ ಹೊತ್ತಿಗೆ ಇದು ಇನ್ನೂ ಹೆಚ್ಚಾಗಬಹುದು. ಆಮೇಲೆ ಕೂಸು ಕುಳಿತುಕೊಳ್ಳಲು ಕಲಿತಂತೆ, ಗಟ್ಟಿ ಆಹಾರ ತಿನ್ನತೊಡಗಿದಂತೆ ಕಡಿಮೆಯಾಗುತ್ತದೆ. ಒಂದು ವರ್ಷ ತುಂಬುವಷ್ಟರಲ್ಲಿ ಬಹುತೇಕ ಕೂಸುಗಳಲ್ಲಿ ಔಷಧವಿಲ್ಲದೆ ನಿಂತುಹೋಗುತ್ತದೆ.

ಕಕ್ಕಿದ ಹಾಲು ಕೆಲವೊಮ್ಮೆ ಹಾಗೆಯೇ ಬರುತ್ತದೆ, ಕೆಲವೊಮ್ಮೆ ಮೊಸರಿನಂತೆ ಒಡೆದು ಬರುತ್ತದೆ. ಒಡೆದು ಬಂದರೆ "ತಾಯಿಯ ಹಾಲು ಕೆಟ್ಟಿದೆ" ಎನ್ನುವವರಿದ್ದಾರೆ. ಹಾಲು ಜಠರಕ್ಕೆ ಹೋಗಿ ಅಲ್ಲಿನ ಆಮ್ಲದೊಂದಿಗೆ ಸೇರಿದರೆ ಒಡೆಯಲೇಬೇಕು. ಜೀರ್ಣವಾಗುವ ಕ್ರಮವೇ ಅದು.

ಎಷ್ಟು ಕಕ್ಕಿತು?

ಇಲ್ಲಿ ನೋಡಿ, ಈ ಬಿಳಿ ಬಟ್ಟೆಯ ಮೇಲೆ 2 ಟೀ ಚಮಚ ಹಾಲು ಸುರಿಯುತ್ತೇನೆ. ಎಷ್ಟು ದೊಡ್ಡ ಕಲೆಯಾಯಿತು? ಗೊತ್ತಿಲ್ಲದವರು ನೋಡಿದರೆ ಅರ್ಧ ಲೋಟ ಹಾಲು ಚೆಲ್ಲಿದೆ ಎನ್ನುತ್ತಾರೆ. ಇದು ಬರೀ 10 ಮಿಲಿ. ಕೂಸಿನ ಅಂಗಿ, ನಿಮ್ಮ ಸೆರಗು, ಹಾಸಿದ ದುಪ್ಪಟಿ ಎಲ್ಲ ಒದ್ದೆಯಾದಾಗ "ಕುಡಿದದ್ದೆಲ್ಲ ಹೋಯಿತು" ಎನಿಸುವುದು ಸಹಜ, ಆದರೆ ಹಾಲಿನ ಹೆಚ್ಚಿನ ಪಾಲು ಹೊಟ್ಟೆಯಲ್ಲೇ ಉಳಿದಿರುತ್ತದೆ.

ಹುಟ್ಟಿದ ಕೂಸಿನ ಹೊಟ್ಟೆ ಬಹಳ ಚಿಕ್ಕದು. ಮೊದಲ ದಿನ ಒಂದು ಸಲಕ್ಕೆ ಅದು ಕುಡಿಯುವುದು 2ರಿಂದ 10 ಮಿಲಿ ಮಾತ್ರ. 4ನೇ ದಿನದ ಹೊತ್ತಿಗೆ 30ರಿಂದ 60 ಮಿಲಿ ಆಗುತ್ತದೆ. ತಾಯಿಯ ಗಿಣ್ಣುಹಾಲು ಕಡಿಮೆ ಬರುವುದೂ ಈ ಲೆಕ್ಕಕ್ಕೆ ಸರಿಯಾಗಿಯೇ ಇದೆ. "ಹಾಲೇ ಇಲ್ಲ" ಎಂದು ಮೊದಲ ದಿನವೇ ಒಳಲೆ ತುಂಬ ಹಸುವಿನ ಹಾಲು ಹೊಯ್ದರೆ ಕೂಸು ಕಕ್ಕದೆ ಇನ್ನೇನು ಮಾಡೀತು?

ಹೊಟ್ಟೆಯಲ್ಲಿ ಹಾಲು ನಿಲ್ಲುತ್ತಿದೆ ಎಂದು ತಿಳಿಯುವುದು ಹೇಗೆ?

ಬಟ್ಟೆಯ ಮೇಲೆ ಬಿದ್ದದ್ದನ್ನು ಅಳೆಯಬೇಡಿ. ಕೂಸನ್ನು ನೋಡಿ. ಮೂರು ಸಂಗತಿ ನೋಡಿದರೆ ಸಾಕು.

ಮೊದಲನೆಯದು ಉಚ್ಚೆ. ಮೊದಲ ದಿನ ಒಂದು ಸಲ, ಎರಡನೇ ದಿನ ಎರಡು ಸಲ, ಹೀಗೆ ಏರುತ್ತಾ ಹೋಗುತ್ತದೆ. 5 ದಿನ ಕಳೆದ ಮೇಲೆ ಬರೀ ಎದೆಹಾಲು ಕುಡಿಯುವ ಕೂಸು ದಿನಕ್ಕೆ 6 ಸಲವಾದರೂ ತೆಳು ಬಣ್ಣದ ಉಚ್ಚೆ ಹೊಯ್ಯಬೇಕು. ಬಾಯಿಂದ ಹೋದದ್ದು ಒಳಗೆ ಸೇರದಿದ್ದರೆ ಉಚ್ಚೆ ಎಲ್ಲಿಂದ ಬಂದೀತು?

ಎರಡನೆಯದು ತೂಕ. ಹುಟ್ಟಿದ ಮೊದಲ ಕೆಲವು ದಿನ ಎಲ್ಲ ಕೂಸುಗಳ ತೂಕವೂ ಸ್ವಲ್ಪ ಇಳಿಯುತ್ತದೆ. 3 ಕಿಲೋ ಹುಟ್ಟಿದ ಕೂಸು 200 ಗ್ರಾಂ ಇಳಿದರೆ ಹೆದರಬೇಡಿ. 300 ಗ್ರಾಂಗಿಂತ ಹೆಚ್ಚು ಇಳಿದರೆ ವೈದ್ಯರು ನೋಡಬೇಕು. 10ರಿಂದ 14 ದಿನದೊಳಗೆ ಹುಟ್ಟಿದಾಗಿನ ತೂಕಕ್ಕೆ ಮರಳಬೇಕು. ಅಲ್ಲಿಂದ ಮೊದಲ 3 ತಿಂಗಳು ದಿನಕ್ಕೆ ಸುಮಾರು 20ರಿಂದ 30 ಗ್ರಾಂ ಏರಬೇಕು. ಆಶಾ ಕಾರ್ಯಕರ್ತೆಯರು ಆಸ್ಪತ್ರೆಯಲ್ಲಿ ಹುಟ್ಟಿದ ಕೂಸನ್ನು ನೋಡಲು 3, 7, 14, 21, 28 ಮತ್ತು 42ನೇ ದಿನ ಮನೆಗೆ ಬರುತ್ತಾರೆ. ಅವರ ಬಳಿ ತೂಕದ ಚೀಲವಿರುತ್ತದೆ. ತೂಕ ಹಾಕಿಸಿ ತಾಯಿ ಕಾರ್ಡಿನಲ್ಲಿ ಬರೆಸಿಕೊಳ್ಳಿ. ತೂಕ ಹಾಕಿದರೆ ಕೂಸಿಗೆ ದೃಷ್ಟಿಯಾಗುತ್ತದೆ ಎಂದು ಅವರನ್ನು ಹಿಂದಕ್ಕೆ ಕಳಿಸಬೇಡಿ.

ಮೂರನೆಯದು ಕೂಸಿನ ಗೆಲುವು. ಕಕ್ಕಿದ ಮೇಲೂ ಕಣ್ಣು ಬಿಟ್ಟು ನೋಡುತ್ತದೆಯೇ, ಕೈಕಾಲು ಆಡಿಸುತ್ತದೆಯೇ, ಹಸಿದಾಗ ಎದೆಗೆ ಬಾಯಿ ಹಾಕುತ್ತದೆಯೇ?

ಈ ಮೂರೂ ಸರಿಯಾಗಿದ್ದರೆ ಕೂಸು ದಿನಕ್ಕೆ ಐದಾರು ಸಲ ಕಕ್ಕಿದರೂ ಅದು ರೋಗವಲ್ಲ. ತೊಳೆಯುವ ಬಟ್ಟೆ ಹೆಚ್ಚಾಗುತ್ತದೆ, ಅಷ್ಟೆ.

ತಾಯಿಯ ಹಾಲನ್ನು ದೂರಬೇಡಿ

"ನಿನ್ನ ಹಾಲು ಕೂಸಿಗೆ ಹಿಡಿಸೂದಿಲ್ಲ." ಈ ಒಂದು ಮಾತು ಎಷ್ಟೋ ಕೂಸುಗಳ ಎದೆಹಾಲು ತಪ್ಪಿಸಿದೆ. ಅತ್ತೆಯಂದಿರು ಕೇಡು ಬಯಸಿ ಹೇಳುವುದಿಲ್ಲ, ಮೊಮ್ಮಗುವಿನ ಮೇಲಿನ ಜೀವದಿಂದಲೇ ಹೇಳುತ್ತಾರೆ. ಆದರೆ ಮುಂದೆ ಆಗುವುದನ್ನು ಕೇಳಿ. ಎರಡು ದಿನ ಎದೆಹಾಲು ಬಿಡಿಸಿ ಬಾಟಲಿ ಕೊಡುತ್ತಾರೆ. ಕೂಸು ಚೀಪದಿದ್ದರೆ ತಾಯಿಯ ಹಾಲು ಇಳಿದುಹೋಗುತ್ತದೆ. ಬಾಟಲಿಯ ರಬ್ಬರಿನಲ್ಲಿ ಕೊಳೆ ನಿಂತು ಭೇದಿ ಶುರುವಾಗುತ್ತದೆ. ಬಾಟಲಿ ಹಾಲು ತಾನಾಗಿ ಸುರಿಯುವುದರಿಂದ ಕೂಸು ಬೇಕಾದದ್ದಕ್ಕಿಂತ ಹೆಚ್ಚು ಕುಡಿದು ಇನ್ನೂ ಹೆಚ್ಚು ಕಕ್ಕುತ್ತದೆ. ಕಕ್ಕುವುದು ನಿಲ್ಲಲಿಲ್ಲ, ತಾಯಿಯ ಹಾಲೂ ಉಳಿಯಲಿಲ್ಲ.

ಪುಡಿಹಾಲು ಮತ್ತು ಹಾಲಿನ ಬಾಟಲಿಗಳ ಜಾಹೀರಾತು ಮಾಡಕೂಡದೆಂದು ನಮ್ಮ ದೇಶದಲ್ಲಿ 1992ರಲ್ಲಿಯೇ ಕಾನೂನು ಬಂದಿದೆ, 2003ರಲ್ಲಿ ಅದನ್ನು ಇನ್ನಷ್ಟು ಬಿಗಿ ಮಾಡಿದರು. ಕಾರಣವಿಲ್ಲದೆ ಸರ್ಕಾರ ಹೀಗೆ ಮಾಡುತ್ತದೆಯೇ? 6 ತಿಂಗಳವರೆಗೆ ಕೂಸಿಗೆ ಎದೆಹಾಲೊಂದೇ ಸಾಕು, ನೀರೂ ಬೇಡ.

ಬಾಣಂತಿಯ ಊಟದಿಂದ ಕೂಸು ಕಕ್ಕುತ್ತದೆ ಎಂದು ಬೇಳೆ, ಸೊಪ್ಪು, ಹಣ್ಣು, ಕುಡಿಯುವ ನೀರನ್ನು ಕೂಡ ಕಡಿಮೆ ಮಾಡುವವರಿದ್ದಾರೆ. ಇದರಿಂದ ಬಾಣಂತಿ ಸೊರಗುತ್ತಾಳೆಯೇ ಹೊರತು ಕೂಸಿನ ಕಕ್ಕುವಿಕೆ ನಿಲ್ಲುವುದಿಲ್ಲ. ತಾಯಿ ಕುಡಿಯುವ ಹಸುವಿನ ಹಾಲಿನ ಅಂಶ ಕೆಲವೇ ಕೆಲವು ಕೂಸುಗಳಿಗೆ ಒಗ್ಗದಿರುವುದುಂಟು. ಆಗ ಮಲದಲ್ಲಿ ರಕ್ತ, ಮೈಮೇಲೆ ಗಂಧೆಯಂಥ ಬೇರೆ ಲಕ್ಷಣಗಳೂ ಇರುತ್ತವೆ. ಅದನ್ನು ತೀರ್ಮಾನಿಸುವವರು ವೈದ್ಯರು. ಆಗಲೂ ಬಿಡಬೇಕಾದ್ದು ತಾಯಿಯ ಊಟದಲ್ಲಿನ ಆ ಪದಾರ್ಥವನ್ನು, ಎದೆಹಾಲನ್ನಲ್ಲ.

ಹಾಲು ಕುಡಿಸುವ ಕ್ರಮ

ಕೂಸು ಅತ್ತು ಅತ್ತು ಸುಸ್ತಾಗುವವರೆಗೆ ಕಾಯಬೇಡಿ. ಅಳುವ ಕೂಸು ಗಾಳಿ ನುಂಗುತ್ತದೆ, ಆಮೇಲೆ ಗಬಗಬನೆ ಕುಡಿಯುತ್ತದೆ. ಬಾಯಿ ಚಪ್ಪರಿಸುವಾಗ, ಕೈ ಬಾಯಿಗೆ ಒಯ್ಯುವಾಗಲೇ ಎತ್ತಿಕೊಳ್ಳಿ.

ಕೂಸಿನ ತಲೆ ಹೊಟ್ಟೆಗಿಂತ ಮೇಲಿರಲಿ. ಅದರ ಹೊಟ್ಟೆ ನಿಮ್ಮ ಹೊಟ್ಟೆಗೆ ತಾಗಿರಲಿ, ಕುತ್ತಿಗೆ ತಿರುಚಿರಬಾರದು. ಬರೀ ತೊಟ್ಟು ಸಾಲದು, ಅದರ ಸುತ್ತಲಿನ ಕಪ್ಪು ಭಾಗವೂ ಬಾಯಿಯೊಳಗೆ ಹೋಗಬೇಕು. ಬರೀ ತೊಟ್ಟು ಚೀಪಿದರೆ ಹಾಲಿಗಿಂತ ಗಾಳಿಯೇ ಹೆಚ್ಚು ಹೋಗುತ್ತದೆ, ನಿಮ್ಮ ತೊಟ್ಟೂ ಒಡೆಯುತ್ತದೆ. ಹಾಲು ಜೋರಾಗಿ ಚಿಮ್ಮಿ ಕೂಸು ಕೆಮ್ಮುತ್ತಿದ್ದರೆ ನೀವು ಹಿಂದಕ್ಕೆ ಒರಗಿ ಕುಳಿತು ಕುಡಿಸಿ. ಸಿಸೇರಿಯನ್ ಆದವರಿಗೆ ಹೀಗೆ ಕೂಡುವುದು ಕಷ್ಟ. ಸಿಸ್ಟರನ್ನು ಕರೆಯಿರಿ, ಅವರು ದಿಂಬು ಕೊಟ್ಟು ಕೂಡಿಸುತ್ತಾರೆ.

ಎದೆ ಬದಲಿಸುವಾಗ ಒಮ್ಮೆ, ಕುಡಿದು ಮುಗಿದ ಮೇಲೆ ಒಮ್ಮೆ ತೇಗಿಸಿ. ಕೂಸನ್ನು ಹೆಗಲಿಗೆ ಹಾಕಿಕೊಂಡು ತಲೆಗೆ ಕೈ ಆಸರೆ ಕೊಟ್ಟು ಬೆನ್ನನ್ನು ಮೆಲ್ಲಗೆ ಸವರಿ. ತಬಲಾ ಬಾರಿಸಿದ ಹಾಗೆ ತಟ್ಟುವುದು ಬೇಡ. ಐದು ಹತ್ತು ನಿಮಿಷ ನೋಡಿ. ಎಲ್ಲ ಸಲವೂ ತೇಗು ಬರಲೇಬೇಕೆಂದಿಲ್ಲ. ಆದರೆ ಬಹಳ ಕಕ್ಕುವ ಕೂಸನ್ನು ಹಾಲು ಕುಡಿದ ಮೇಲೆ 20ರಿಂದ 30 ನಿಮಿಷ ನೆಟ್ಟಗೆ ಎತ್ತಿಕೊಂಡಿರಿ. ರಾತ್ರಿ ಮೂರು ಸಲ ಎದ್ದು ಹಾಲು ಕೊಡುವ ತಾಯಿಗೆ ಈ ಅರ್ಧ ಗಂಟೆಯೂ ಬಿದ್ದರೆ ಆಕೆ ಮಲಗುವುದು ಯಾವಾಗ? ಅಣ್ಣಂದಿರೇ, ಹಾಲು ಕೊಡುವ ಕೆಲಸ ನಿಮ್ಮಿಂದಾಗದು. ಎತ್ತಿಕೊಳ್ಳುವ ಕೆಲಸಕ್ಕೆ ನಿಮ್ಮ ಹೆಗಲು ಸಾಕು.

ಕಕ್ಕಿದ ತಕ್ಷಣ "ಹೊಟ್ಟೆ ಖಾಲಿಯಾಯಿತು" ಎಂದು ಮತ್ತೆ ಬಾಯಿಗೆ ತುರುಕಬೇಡಿ. ಹಸಿವು ತೋರಿಸಿದರೆ ಕೊಡಿ. ವೈದ್ಯರ ಸಲಹೆಯಂತೆ ಹಿಂಡಿದ ಹಾಲನ್ನು ಒಳಲೆಯಲ್ಲಿ ಕೊಡುವವರು ತುಸು ತುಸುವಾಗಿ, ಕೂಸು ನುಂಗಿದ ಮೇಲೆಯೇ ಮುಂದಿನ ಗುಟುಕು ಕೊಡಿ.

ಮಲಗಿಸುವ ಕ್ರಮ

ಕೂಸನ್ನು ಅಂಗಾತ ಮಲಗಿಸಿ, ಹಗಲಾಗಲಿ ರಾತ್ರಿಯಾಗಲಿ. ಅಂಗಾತ ಮಲಗಿದರೆ ಕಕ್ಕಿದ ಹಾಲು ಉಸಿರುನಾಳಕ್ಕೆ ಹೋಗುತ್ತದೆ ಎಂಬ ಭಯ ಎಲ್ಲರಿಗೂ ಇದೆ. ನಿಜ ಬೇರೆ. ಉಸಿರುನಾಳ ಮುಂದೆ, ಅನ್ನನಾಳ ಹಿಂದೆ ಇದೆ. ಅಂಗಾತ ಮಲಗಿದಾಗ ಉಸಿರುನಾಳ ಮೇಲೆ ಬರುತ್ತದೆ. ಮೇಲಕ್ಕೆ ಬಂದ ಹಾಲು ಕೆಳಗಿನ ಅನ್ನನಾಳಕ್ಕೇ ಇಳಿಯುತ್ತದೆ. ಬೋರಲು ಮಲಗಿಸಿದಾಗಲೇ ಅಪಾಯ ಹೆಚ್ಚು, ಮೂಗು ಹಾಸಿಗೆಗೆ ಒತ್ತಿ ಉಸಿರು ಕಟ್ಟಬಹುದು. ಸಾಸಿವೆ ದಿಂಬು, ರಾಗಿ ದಿಂಬು, ತಲೆಯ ಸುತ್ತ ಬಟ್ಟೆಯ ಸುರುಳಿ ಯಾವುದೂ ಬೇಡ. ಸೀರೆಯ ಜೋಳಿಗೆಯಲ್ಲಿ ಕೂಸು ಮಡಚಿಕೊಂಡು ಹೊಟ್ಟೆ ಒತ್ತುತ್ತದೆ. ಕುಡಿದ ಕೂಡಲೇ ಅದರಲ್ಲಿ ಹಾಕಿ ತೂಗಬೇಡಿ.

ಮಾಡಬಾರದ ಕೆಲಸಗಳು

ಹಾಲು ಕುಡಿಸಿದ ಕೂಡಲೇ ಎಣ್ಣೆ ತಿಕ್ಕಿ ಎರೆಯಬೇಡಿ. ಎರೆದ ಮೇಲೆ ಕುಡಿಸಿ, ಇಲ್ಲವೇ ಕುಡಿದು ಒಂದು ಗಂಟೆ ಕಳೆಯಲಿ. ಎರೆಯುವ ಹೆಂಗಸು ಕಫ ತೆಗೆಯುತ್ತೇನೆಂದು ಗಂಟಲಿಗೆ ಬೆರಳು ಹಾಕಲು ಬಿಡಬೇಡಿ. ಮೂಗಿಗೆ ಎಣ್ಣೆ ಬಿಡುವುದು, ಬಾಯಿಂದ ಊದುವುದು ಬೇಡ. ಎಣ್ಣೆ ಶ್ವಾಸಕೋಶಕ್ಕೆ ಇಳಿದರೆ ನ್ಯುಮೋನಿಯಾ ಆಗುತ್ತದೆ.

ಬಜೆ ತೇದು ನೆಕ್ಕಿಸುವುದು, ಹರಳೆಣ್ಣೆ, ಜೇನುತುಪ್ಪ, ಗ್ರೈಪ್ ವಾಟರ್ ಯಾವುದೂ ಕಕ್ಕುವುದನ್ನು ನಿಲ್ಲಿಸುವುದಿಲ್ಲ. ಜೇನುತುಪ್ಪವನ್ನಂತೂ ಒಂದು ವರ್ಷದವರೆಗೆ ಕೊಡಲೇಬಾರದು. ಹಾಲು ಮಂದವಾದರೆ ನಿಲ್ಲುತ್ತದೆ ಎಂದು ಬಿಸ್ಕತ್ತು, ರಾಗಿ ಸರಿ ಬೆರೆಸಬೇಡಿ. ವಾಂತಿ ನಿಲ್ಲಿಸುವ ಹನಿಗಳನ್ನು ಚೀಟಿಯಿಲ್ಲದೆ ಅಂಗಡಿಯಿಂದ ತರಬೇಡಿ. ಅಂಥ ಔಷಧಗಳಿಂದ ಕೂಸಿನ ಹೃದಯ, ನರಗಳಿಗೆ ತೊಂದರೆಯಾಗಬಹುದು. ಕೂಸಿನ ಹೊಟ್ಟೆಗೆ ಬಿಗಿಯಾಗಿ ಬಟ್ಟೆ ಸುತ್ತಬೇಡಿ. ಕೂಸಿರುವ ಕೋಣೆಯಲ್ಲಿ ಬೀಡಿ ಸಿಗರೇಟು ಸೇದಬೇಡಿ, ಲೋಬಾನದ ಹೊಗೆಯೂ ಬೇಡ.

ಮೂಗಿನಲ್ಲಿ ಹಾಲು ಬಂದರೆ

ಕೂಸನ್ನು ಪಕ್ಕಕ್ಕೆ ಹೊರಳಿಸಿ ಹೊರಗೆ ಬಂದದ್ದನ್ನು ಮೆತ್ತನೆಯ ಬಟ್ಟೆಯಿಂದ ಒರೆಸಿ. ಬಹುಪಾಲು ಅಷ್ಟಕ್ಕೇ ಸರಿಹೋಗುತ್ತದೆ. ಕಾಲು ಹಿಡಿದು ತಲೆಕೆಳಗೆ ಮಾಡಬೇಡಿ, ಅಲುಗಾಡಿಸಬೇಡಿ. ಉಸಿರೇ ಕಟ್ಟಿದಂತಾದರೆ ಮುಂಗೈ ಮೇಲೆ ಬೋರಲಾಗಿ, ತಲೆ ತಗ್ಗಿನಲ್ಲಿರುವಂತೆ ಹಿಡಿದು, ದವಡೆಗೆ ಆಸರೆ ಕೊಟ್ಟು, ಬೆನ್ನಿನ ಮೇಲ್ಭಾಗದ ನಡುವೆ ಅಂಗೈಯ ಬುಡದಿಂದ 5 ಸಲ ತಟ್ಟಿ. ಅದೇ ಹೊತ್ತಿಗೆ ಇನ್ನೊಬ್ಬರು 108ಕ್ಕೆ ಫೋನ್ ಮಾಡಲಿ. ಇದನ್ನೂ, ಇದರ ಮುಂದಿನ ಕ್ರಮವನ್ನೂ ಗೊಂಬೆಯ ಮೇಲೆ ತೋರಿಸುತ್ತೇವೆ. ಮನೆಗೆ ಹೋಗುವ ಮೊದಲು ಮನೆಯ ಇಬ್ಬರಾದರೂ ಮಾಡಿ ಕಲಿತುಕೊಳ್ಳಿ.

ತಡಮಾಡದೆ ತರಬೇಕಾದ ಲಕ್ಷಣಗಳು

ಈಗ ಹೇಳುವುದನ್ನು ದಯವಿಟ್ಟು ಗಮನವಿಟ್ಟು ಕೇಳಿ. ಬಟ್ಟೆಯ ಮೇಲೆ ಅಳತೆ ನೋಡಬೇಡಿ ಎಂದೆ. ಆದರೆ ಬಣ್ಣವನ್ನು ಮಾತ್ರ ತಪ್ಪದೆ ನೋಡಿ.

1. ಹಸಿರು ವಾಂತಿ. ಹಸಿರೆಂದರೆ ಪಿತ್ತ. ಕರುಳಿನಲ್ಲಿ ತಡೆಯಾಗಿರಬಹುದು, ಕರುಳು ತಿರುಚಿಕೊಂಡಿರಬಹುದು. ತಿರುಚಿದ ಕರುಳಿಗೆ ರಕ್ತ ನಿಂತರೆ ಕೆಲವೇ ಗಂಟೆಗಳಲ್ಲಿ ಅದು ಕೊಳೆಯುತ್ತದೆ. ಒಂದೇ ಸಲ ಆಗಿರಲಿ, ನಡುರಾತ್ರಿಯಾಗಿರಲಿ, ಹೊರಡಿ. ವೈದ್ಯರು ನೋಡುವವರೆಗೆ ಬಾಯಿಂದ ಏನೂ ಕೊಡಬೇಡಿ. ಮೊದಲ ದಿನಗಳಲ್ಲಿ ಗಿಣ್ಣುಹಾಲು ಕಕ್ಕಿದರೆ ತಿಳಿ ಹಳದಿ ಇರುತ್ತದೆ, ಅದು ಬೇರೆ. ಗಾಢ ಹಳದಿ ಇಲ್ಲವೇ ಹಸಿರೆನಿಸಿ ಸಂಶಯವಾದರೆ ಆ ಬಟ್ಟೆಯನ್ನು ತೊಳೆಯದೆ ಜೊತೆಗೆ ತನ್ನಿ.

2. ವಾಂತಿಯಲ್ಲಿ ರಕ್ತ ಅಥವಾ ಕಾಫಿ ಪುಡಿಯಂಥ ಕಪ್ಪು ಬಣ್ಣ. ತಾಯಿಯ ಒಡೆದ ತೊಟ್ಟಿನ ರಕ್ತ ನುಂಗಿ ಹೀಗಾಗುವುದೂ ಉಂಟು. ಆದರೂ ತೋರಿಸಿಯೇ ತಿಳಿಯಬೇಕು.

3. ಪ್ರತಿ ಸಲವೂ ದೂರ ಚಿಮ್ಮುವ ವಾಂತಿ. ಕಕ್ಕುವಾಗ ಹಾಲು ಬಾಯಿಯಂಚಿನಿಂದ ಇಳಿಯುತ್ತದೆ, ಕೂಸಿಗೆ ಕಷ್ಟವಿರುವುದಿಲ್ಲ. ಇದು ಹಾಗಲ್ಲ, ಜೋರಾಗಿ ಹಾರಿ ಬೀಳುತ್ತದೆ. ಮರುಕ್ಷಣ ಕೂಸು ಮತ್ತೆ ಹಸಿದು ಅಳುತ್ತದೆ, ತೂಕ ಇಳಿಯುತ್ತದೆ. ಹೆಚ್ಚಾಗಿ 3ರಿಂದ 6ನೇ ವಾರದಲ್ಲಿ, ಹೆಣ್ಣುಕೂಸುಗಳಿಗಿಂತ ಗಂಡುಕೂಸುಗಳಲ್ಲಿ ಹೆಚ್ಚು ಕಾಣುತ್ತದೆ. ಜಠರದ ಕೆಳಬಾಗಿಲ ಸ್ನಾಯು ದಪ್ಪವಾಗಿ ದಾರಿ ಮುಚ್ಚಿರುತ್ತದೆ. ಇದಕ್ಕೆ 100 ವರ್ಷಗಳಿಗೂ ಹಿಂದಿನಿಂದ ನಡೆದು ಬಂದ ಒಂದು ಚಿಕ್ಕ ಶಸ್ತ್ರಚಿಕಿತ್ಸೆ ಇದೆ, ಪೂರ್ತಿ ಗುಣವಾಗುತ್ತದೆ. ಆಪರೇಷನ್ ಎಂದ ಕೂಡಲೇ ಹೆದರಿ ಕೂಸನ್ನು ಮನೆಗೆ ಒಯ್ಯಬೇಡಿ.

4. ಹುಟ್ಟಿದಾಗಿನಿಂದ ಬಾಯಲ್ಲಿ ನೊರೆ ನಿಲ್ಲದೆ ಬರುವುದು, ಕುಡಿದಾಗಲೆಲ್ಲ ಕೆಮ್ಮಿ ನೀಲಿಯಾಗುವುದು.

5. ಹೊಟ್ಟೆ ಉಬ್ಬಿ ಬಿಗಿಯಾಗುವುದು, ಹುಟ್ಟಿ 24 ಗಂಟೆಯಾದರೂ ಕಪ್ಪು ಮಲ ಹೋಗದಿರುವುದು, ಮಲದಲ್ಲಿ ರಕ್ತ.

6. ಹಾಲು ಕುಡಿಯದಿರುವುದು, ಎಬ್ಬಿಸಿದರೂ ಏಳದ ಮಂಪರು, ಸಣ್ಣ ದನಿಯ ಅಳು, ಫಿಟ್ಸ್, ನೆತ್ತಿ ಉಬ್ಬುವುದು.

7. ಮೈ 100.4 ಡಿಗ್ರಿ ಫ್ಯಾರನ್‌ಹೀಟ್ ಅಥವಾ ಹೆಚ್ಚು ಬಿಸಿಯಾಗುವುದು, ಇಲ್ಲವೇ ಅಂಗೈ ಅಂಗಾಲಿನ ಜೊತೆ ಮೈಯೂ ತಣ್ಣಗಾಗುವುದು.

8. ಸುಮ್ಮನಿರುವಾಗ ನಿಮಿಷಕ್ಕೆ 60 ಅಥವಾ ಹೆಚ್ಚು ಸಲ ಉಸಿರಾಡುವುದು, ಪಕ್ಕೆ ಒಳಗೆಳೆಯುವುದು.

9. 8 ಗಂಟೆಯಾದರೂ ಉಚ್ಚೆ ಹೊಯ್ಯದಿರುವುದು, 14 ದಿನವಾದರೂ ಹುಟ್ಟಿದ ತೂಕಕ್ಕೆ ಬಾರದಿರುವುದು.

ದಿನ ತುಂಬುವ ಮೊದಲೇ ಹುಟ್ಟಿದ, ತೂಕ ಕಡಿಮೆಯಿರುವ ಕೂಸುಗಳ ವಿಷಯದಲ್ಲಿ ಸಣ್ಣ ಸಂಶಯಕ್ಕೂ ಬನ್ನಿ.

ಹಣದ ಚಿಂತೆಯಿಂದ ತಡಮಾಡುವವರಿಗೂ ಒಂದು ಮಾತು. 108 ಆಂಬುಲೆನ್ಸ್‌ಗೆ ಹಣ ಕೊಡಬೇಕಾಗಿಲ್ಲ. ಸರ್ಕಾರಿ ಆಸ್ಪತ್ರೆಗಳಲ್ಲಿ ಜನನಿ ಶಿಶು ಸುರಕ್ಷಾ ಕಾರ್ಯಕ್ರಮದಡಿ ಒಂದು ವರ್ಷದವರೆಗಿನ ಕೂಸಿಗೆ ಚಿಕಿತ್ಸೆ ಉಚಿತ. ದಾರಿಯಲ್ಲಿ ಕೂಸನ್ನು ಎದೆಗವಚಿಕೊಂಡು ಬೆಚ್ಚಗಿಡಿ, ಕುಲಾಯಿ ಹಾಕಿ.

ಮನೆಯವರಿಗೆ ಕೊನೆಯ ಮಾತು

ಅಜ್ಜಿಯಂದಿರೇ, ನೀವು ಕೂಸು ಎತ್ತಿ ಆಡಿಸಿ ಬೆಳೆಸಿದವರು. ನಿಮ್ಮ ಮಾತಿಗೆ ಮನೆಯಲ್ಲಿ ತೂಕವಿದೆ. ಕೂಸು ಕಕ್ಕಿದಾಗ ಬಾಣಂತಿಯ ಕಡೆ ನೋಡಿ "ನಿನ್ನ ಹಾಲು ಸರಿಯಿಲ್ಲ" ಎನ್ನುವ ಬದಲು, "ಕೊಡವ್ವ ಇತ್ತ, ನಾ ಎತ್ತಿಕೊಂಡಿರ್ತೀನಿ, ನೀ ಒಂದೀಟು ಅಡ್ಡಾಗು" ಎನ್ನಿ. ನೊಂದ, ನಿದ್ದೆಗೆಟ್ಟ ತಾಯಿಗೆ ಹಾಲು ಇಳಿಯುವುದು ತಡವಾಗುತ್ತದೆ. ನಿಮ್ಮ ಒಂದು ಒಳ್ಳೆಯ ಮಾತು ಕೂಸಿನ ಹೊಟ್ಟೆಗೇ ಹೋಗಿ ಸೇರುತ್ತದೆ.

ತಾಯಂದಿರೇ, ಹೆಗಲ ಮೇಲೆ ಒಂದು ಹಳೆಯ ಮೆತ್ತನೆಯ ಬಟ್ಟೆ ಹಾಕಿಕೊಂಡಿರಿ. ಅಳತೆಗೆ ಅಂಜಬೇಡಿ, ಬಣ್ಣ ಮರೆಯಬೇಡಿ, ತೂಕ ಬಿಡಬೇಡಿ. ಸಂಶಯ ಬಂದರೆ ಕೂಸಿನೊಂದಿಗೆ ಬಂದು ಕೇಳಿ. ಏನೂ ಇಲ್ಲವೆಂದು ತಿಳಿದು ನೀವು ಮನೆಗೆ ಹೋದರೆ ನಮಗೂ ಸಂತೋಷವೇ. ಈಗ ಗೊಂಬೆ ತರುತ್ತೇನೆ, ಒಬ್ಬೊಬ್ಬರೇ ಮುಂದೆ ಬನ್ನಿ.